ಮಾರ್ನೆಮಿಗೆ ಬರುವ ಕವಲುತೋಕೆ, ಸಿಟ್‌ಔಟ್‌ನಲ್ಲಿ ಗೂಡು ಕಟ್ಟುವ ಕವಲುತೋಕೆ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ನೆಮಿ, ಅಂದರೆ ನವರಾತ್ರಿ, ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಥರದ ಫೋಟೊಗಳು ಬರತೊಡಗುತ್ತವೆ. ಬಿಳಿಚಿದ ಆಕಾಶ, ಕರೆಂಟಿನ ತಂತಿ, ಅದರ ಮೇಲೆ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿದ ಹಾಗೆ ಸಾಲು ಹಕ್ಕಿ. ಕೆಳಗೆ ಎರಡು ಪ್ರಶ್ನೆ: ‘ಇದು ಯಾವ ಹಕ್ಕಿ? ನಮ್ಮ ಸಿಟ್‌ಔಟ್‌ನಲ್ಲಿ ಗೂಡು ಕಟ್ಟಿದ್ದೂ ಇದೇ ಅಲ್ವಾ?’ ಎರಡನೆಯದಕ್ಕೆ ನನ್ನ ಉತ್ತರ ಹೆಚ್ಚುಕಡಿಮೆ ಯಾವಾಗಲೂ ‘ಅಲ್ಲ’. ಅದು ಯಾಕೆ ಅಲ್ಲ ಎಂದು ಪ್ರತಿ ಸಲ ಬಿಡಿಸಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ತಂತಿಯ ಮೇಲೆ ಸಾಲಾಗಿ ಕೂರುವ ಆ ಹಕ್ಕಿ ಯಾವುದು?

ಬಾರ್ನ್ ಸ್ವಾಲೋ. ಕನ್ನಡದಲ್ಲಿ ಕವಲುತೋಕೆ ಎನ್ನುತ್ತೇವೆ, ಅಂಬರಗುಬ್ಬಿ ಎನ್ನುವವರೂ ಇದ್ದಾರೆ. ಬೆನ್ನು ಮಿರಮಿರ ಮಿಂಚುವ ಕಡುನೀಲಿ, ಹಣೆ ಮತ್ತು ಗಂಟಲು ಇಟ್ಟಿಗೆ ಕೆಂಪು, ಗಂಟಲ ಕೆಳಗೆ ಎದೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ, ಹೊಟ್ಟೆ ಬಿಳಿ. ಬಾಲದ ಎರಡು ಅಂಚಿನ ಗರಿಗಳು ಉದ್ದಕ್ಕೆ ಚಾಚಿಕೊಂಡು ಕವಲಾಗಿರುತ್ತವೆ. ಆ ಬಾಲ ಸೇರಿ ಉದ್ದ ಸುಮಾರು 18 ಸೆಂಟಿಮೀಟರ್. ತೂಕ 20 ಗ್ರಾಮ್ ಆಸುಪಾಸು, ಅಂದರೆ ಹತ್ತು ರೂಪಾಯಿಯ ಎರಡು-ಮೂರು ನಾಣ್ಯ ಅಂಗೈಯಲ್ಲಿಟ್ಟಷ್ಟು.

ನಾನು ನೋಡಿದ ಹಕ್ಕಿಗೆ ಕವಲು ಬಾಲವೇ ಇರಲಿಲ್ಲ. ಹಾಗಾದರೆ ಅದು ಬೇರೆಯೇ?

ಇರಲಿಕ್ಕಿಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ನಮ್ಮೂರಿಗೆ ಬರುವವುಗಳಲ್ಲಿ ಆ ವರ್ಷ ಹುಟ್ಟಿದ ಮರಿಗಳು ತುಂಬ ಇರುತ್ತವೆ. ಅವುಗಳ ಬಾಲ ಗಿಡ್ಡ, ಗಂಟಲು ಮಾಸಿದ ಕಂದು, ಬೆನ್ನಿಗೆ ಆ ಮಿಂಚೂ ಇಲ್ಲ. ದೊಡ್ಡ ಹಕ್ಕಿಗಳೂ ಹಳೆಯ ಗರಿ ಉದುರಿಸಿ ಹೊಸತು ಬೆಳೆಸಿಕೊಳ್ಳುವುದು ಚಳಿಗಾಲದಲ್ಲಿ, ಇಲ್ಲಿಗೆ ಬಂದ ಮೇಲೆ. ಡಿಸೆಂಬರಿನಲ್ಲಿ ಮೊಂಡು ಬಾಲದ, ರೆಕ್ಕೆಯಲ್ಲಿ ಅಲ್ಲಲ್ಲಿ ಸಂದುಬಿಟ್ಟ ಹಕ್ಕಿ ಕಂಡರೆ ಕಾಯಿಲೆ ಎಂದು ಗಾಬರಿಯಾಗಬೇಡಿ. ಅದೇ ಹಕ್ಕಿ ಮಾರ್ಚಿನಲ್ಲಿ ಹೊಸ ಬಟ್ಟೆ ತೊಟ್ಟವರ ಹಾಗೆ ಉದ್ದ ಬಾಲ ಇಳಿಬಿಟ್ಟು ಕೂತಿರುತ್ತದೆ. ಗುರುತಿಗೆ ಬಾಲಕ್ಕಿಂತ ಎದೆಯ ಪಟ್ಟಿಯನ್ನು ನಂಬಿ.

ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ?

ಸೆಪ್ಟೆಂಬರಿನಲ್ಲಿ ಮೊದಲ ಗುಂಪುಗಳು ಕಾಣುತ್ತವೆ. ಮಾರ್ನೆಮಿಯ ಹೊತ್ತಿಗೆ ಎಲ್ಲ ಕಡೆ ಇರುತ್ತವೆ. ಬಿಸು ಪರ್ಬ (ಸೌರ ಯುಗಾದಿ) ಕಳೆದು ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಹೊರಟಿರುತ್ತವೆ. ನಮ್ಮ ಬೇಸಾಯದ ಲೆಕ್ಕದಲ್ಲಿ ಹೇಳುವುದಾದರೆ ಏಣೆಲು (ಮಳೆಗಾಲದ ಭತ್ತ) ಕಟಾವಿಗೆ ಬಂದು ಸುಗ್ಗಿ (ಎರಡನೆಯ) ಬೆಳೆಯ ಕಾಲ ಪೂರ್ತಿ ಇದ್ದು ಕೊಳಕೆ (ಮೂರನೆಯ ಬೆಳೆ) ಮುಗಿಯುವಾಗ ಹೋಗುತ್ತವೆ. ಈ ಹೊಂದಾಣಿಕೆ ಬರೀ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ, ಯಾಕೆಂದರೆ ಗದ್ದೆಗೆ ಟಿಲ್ಲರ್ ಇಳಿದ ದಿನ ಅವು ಎಲ್ಲಿದ್ದರೂ ಅಲ್ಲಿಗೆ ಬರುತ್ತವೆ. ಕೆಸರಿನಿಂದ ಎದ್ದ ನೊಣ, ಸೊಳ್ಳೆ, ಸಣ್ಣ ಹುಳುಗಳನ್ನು ಟಿಲ್ಲರಿನವನ ಮೊಣಕಾಲೆತ್ತರದಲ್ಲೇ ಹಾರುತ್ತ ಬಾಯಿಗೆ ಹಾಕಿಕೊಳ್ಳುತ್ತವೆ. ತಿನ್ನುವುದು ಹಾರುತ್ತಲೇ, ನೀರು ಕುಡಿಯುವುದೂ ಹಾರುತ್ತಲೇ.

ಅವು ಇಲ್ಲಿ ಗೂಡು ಕಟ್ಟುತ್ತವೆಯೇ?

ಇಲ್ಲ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾರ್ನ್ ಸ್ವಾಲೋ ನಮ್ಮಲ್ಲಿಗೆ ಬರುವುದು ಚಳಿ ಕಳೆಯಲು, ಹೊಟ್ಟೆ ತುಂಬಿಸಿಕೊಳ್ಳಲು, ಗರಿ ಬದಲಿಸಲು. ಮೊಟ್ಟೆ ಇಡಲು ಅಲ್ಲ. ಭಾರತದಲ್ಲಿ ಅದು ಗೂಡು ಕಟ್ಟುವುದು ಹಿಮಾಲಯದ ಉದ್ದಕ್ಕೂ. ಅಲ್ಲಿನ ಪೇಟೆಗಳಲ್ಲಿ ಅಂಗಡಿಯ ಒಳಗೇ, ಗಿರಾಕಿಗಳ ತಲೆಯ ಮೇಲಿನ ತೊಲೆಗೆ ಮಣ್ಣಿನ ಬಟ್ಟಲು ಅಂಟಿಸಿ ಮರಿ ಮಾಡುತ್ತದೆ. ಅದರಾಚೆ ಮಧ್ಯ ಏಷ್ಯಾ, ಚೀನಾ, ಸೈಬೀರಿಯಾದವರೆಗೂ ಇವುಗಳ ತವರು ಹಬ್ಬಿದೆ.

ಹಾಗಾಗಿ ಬೇಸಗೆಯಲ್ಲೋ ಮಳೆಗಾಲದಲ್ಲೋ ನಿಮ್ಮ ಮನೆಯಲ್ಲಿ ಮಣ್ಣಿನ ಗೂಡು ಕಂಡರೆ ಅದು ಅತಿಥಿಯದ್ದಲ್ಲ, ಇಲ್ಲೇ ವರ್ಷಪೂರ್ತಿ ಇರುವ ಅದರ ನೆಂಟರದ್ದು.

ಅಷ್ಟು ದೂರದಿಂದ ಬರುತ್ತವೆ ಎಂದು ಗೊತ್ತಾದದ್ದು ಹೇಗೆ?

ಕಾಲಿಗೆ ಉಂಗುರ ಹಾಕಿ. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಗೂಡು ಕಟ್ಟಿದ್ದ ಬಾರ್ನ್ ಸ್ವಾಲೋಗೆ ತೊಡಿಸಿದ ಉಂಗುರ 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಸಿಕ್ಕಿತು. ಈ ಹಕ್ಕಿ ಭೂಗೋಳದ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗುತ್ತದೆ ಎಂಬುದಕ್ಕೆ ಹಾಗೆ ಕೈಯಲ್ಲಿ ಹಿಡಿದು ತೋರಿಸುವ ಸಾಕ್ಷಿ ಬಂತು. ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಮಾಡಿತು. ಉಂಗುರ ಇರುವ ಸತ್ತ ಹಕ್ಕಿ ನಿಮಗೆ ಸಿಕ್ಕಿದರೆ ಉಂಗುರದ ಮೇಲಿನ ಅಕ್ಷರ, ಅಂಕಿ ಎಲ್ಲವೂ ಕಾಣುವ ಹಾಗೆ ಫೋಟೊ ತೆಗೆದು ಆ ಸೊಸೈಟಿಗೆ ಕಳಿಸಿ.

ಹಾಗಾದರೆ ನಮ್ಮ ಸಿಟ್‌ಔಟ್‌ನ ಗೂಡು ಯಾರದ್ದು?

ಗೂಡಿನ ಆಕಾರ ಹೇಳಿ, ಹಕ್ಕಿಯ ಹೆಸರು ಹೇಳುತ್ತೇನೆ. ನಮ್ಮಲ್ಲಿ ಮನೆಗಳಿಗೆ ಬರುವುದು ಹೆಚ್ಚಾಗಿ ರೆಡ್-ರಂಪ್ಡ್ ಸ್ವಾಲೋ, ಕೆಂಪು ಸೊಂಟದ ಕವಲುತೋಕೆ. ಗಿಂಡಿಯನ್ನು ಉದ್ದಕ್ಕೆ ಸೀಳಿ ಅರ್ಧವನ್ನು ತಾರಸಿಯ ಅಡಿಗೆ ಅಂಟಿಸಿದರೆ ಹೇಗೆ ಕಾಣುತ್ತದೋ ಹಾಗಿರುತ್ತದೆ ಅದರ ಗೂಡು. ಹೊಟ್ಟೆಯ ಭಾಗದಲ್ಲಿ ಮೊಟ್ಟೆ, ಗಿಂಡಿಯ ಮೂತಿಯ ಹಾಗಿನ ಕೊಳವೆಯಲ್ಲಿ ಒಳಗೆ ಹೋಗುವ ದಾರಿ. ಹಕ್ಕಿಯ ಸೊಂಟ ತುಕ್ಕು ಬಣ್ಣ, ಕತ್ತಿನ ಬದಿಯಲ್ಲೂ ಅದೇ ಬಣ್ಣ, ಎದೆಯಲ್ಲಿ ತೆಳು ಗೆರೆಗಳು. ಬಾಲವನ್ನು ಬುಡದವರೆಗೆ ಮಸಿಯಲ್ಲಿ ಅದ್ದಿ ತೆಗೆದಂತೆ ಕೆಳಗಿನಿಂದ ಕಪ್ಪಾಗಿ ಕಾಣುತ್ತದೆ. ಎದೆಗೆ ಅಡ್ಡ ಪಟ್ಟಿ ಇಲ್ಲ.

ನಮ್ಮ ಮನೆಯಲ್ಲಿ ಒಂದು ಜೋಡಿ ಕಟ್ಟಿದ್ದನ್ನು ಕುರ್ಚಿ ಹಾಕಿ ಕೂತು ನೋಡಿದ್ದೇನೆ. ಏಪ್ರಿಲಿನಲ್ಲಿ ಒಂದು ಗಾಳಿಮಳೆ ಬಂದು ಹೋದ ಮರುದಿನ ಶುರುವಾಯಿತು. ಬಾವಿಕಟ್ಟೆಯ ಪಕ್ಕ ಕೊಡಪಾನದ ನೀರು ಚೆಲ್ಲಿ ಯಾವಾಗಲೂ ಒದ್ದೆಯಿರುವ ಒಂದು ಜಾಗ ಉಂಟು. ಎರಡೂ ಅಲ್ಲಿ ಇಳಿದು, ಕಾಲಿಗೂ ರೆಕ್ಕೆಗೂ ಕೆಸರು ತಾಗದ ಹಾಗೆ ರೆಕ್ಕೆ ಮೇಲೆತ್ತಿ ಅದುರಿಸುತ್ತ, ಕೊಕ್ಕಿನಲ್ಲಿ ಕಡಲೆಯಷ್ಟು ಮಣ್ಣು ತೆಗೆಯುತ್ತಿದ್ದವು. ಗೂಡಿಗೆ ಬಂದು ಆ ಉಂಡೆಯನ್ನು ಇಟ್ಟು ಗಲ್ಲದಿಂದ ಒತ್ತಿ ಅದುರಿಸಿ ಕೂರಿಸುತ್ತಿದ್ದವು. ಬೆಳಿಗ್ಗೆ ಎರಡು ಮೂರು ಗಂಟೆ ಕೆಲಸ, ಮತ್ತೆ ರಜೆ. ಮೊದಲು ನನಗೆ ಇದು ಸೋಮಾರಿತನವಾಗಿ ಕಂಡಿತ್ತು. ಆಮೇಲೆ ತಿಳಿಯಿತು, ಇವತ್ತಿನ ಸಾಲು ಒಣಗದೆ ಅದರ ಮೇಲೆ ಇನ್ನೊಂದು ಸಾಲು ಕೂರಿಸಿದರೆ ಭಾರಕ್ಕೆ ಎಲ್ಲವೂ ಕಳಚಿ ಬೀಳುತ್ತದೆ. ಗಾರೆ ಕೆಲಸದವರಿಗೂ ಈ ಲೆಕ್ಕ ಗೊತ್ತು. ಹೀಗೆ ನೂರಾರು ಉಂಡೆ ಸೇರಿ ಗೂಡು ಮುಗಿಯಲು ಎರಡು ವಾರ ದಾಟಿತು. ಒಳಗೆ ಹಾಸಲು ಅವು ಕೋಳಿಯ ಪುಕ್ಕ ತಂದವು. ಒಂದು ಪುಕ್ಕ ಕೊಳವೆಯ ಬಾಯಿಯಲ್ಲಿ ಅಡ್ಡ ಸಿಕ್ಕಿಕೊಂಡು ಮೂರು ದಿನ ಹೊರಗೇ ನೇತಾಡುತ್ತಿತ್ತು.

ಮೊಟ್ಟೆಗೆ ಕಾವು ಕೊಡುವುದು ಸುಮಾರು ಎರಡು ವಾರ. ಮರಿ ಹಾರುವುದಕ್ಕೆ ಮತ್ತೆ ಮೂರು, ಮೂರೂವರೆ ವಾರ.

ಈ ಕೆಂಪು ಸೊಂಟದ ಹಕ್ಕಿ ಅತಿಥಿಯೂ ಹೌದಂತೆ, ನಿವಾಸಿಯೂ ಹೌದಂತೆ. ಹೇಗೆ?

ಇಲ್ಲೇ ಹುಟ್ಟಿ ಇಲ್ಲೇ ಇರುವ ಬಳಗ ಒಂದು. ಹಿಮಾಲಯದಲ್ಲಿ ಮರಿ ಮಾಡಿ ಚಳಿಗೆ ದಕ್ಷಿಣಕ್ಕಿಳಿಯುವ ಬಳಗ ಇನ್ನೊಂದು, ಅದರ ಎದೆಯ ಗೆರೆಗಳು ಹೆಚ್ಚು ದಟ್ಟ. ಚಳಿಗಾಲದ ದೊಡ್ಡ ಗುಂಪಿನಲ್ಲಿ ಎರಡೂ ಬೆರೆತಿರಬಹುದು. ಹಾರುವ ಹಕ್ಕಿಯನ್ನು ನೋಡಿ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ.

ಸೇತುವೆಯ ಅಡಿಯಲ್ಲಿ ಅರ್ಧ ಚಿಪ್ಪಿನ ಹಾಗಿನ ಗೂಡು ನೋಡಿದೆ.

ತೆಂಗಿನ ಗೆರಟೆಯನ್ನು ಅರ್ಧ ಮಾಡಿ ಅಂಟಿಸಿದ ಹಾಗೆ, ಮೇಲ್ಭಾಗ ತೆರೆದಿದ್ದರೆ, ಕೆಳಗೆ ನೀರಿದ್ದರೆ, ಅದು ವೈರ್-ಟೇಲ್ಡ್ ಸ್ವಾಲೋದ್ದು, ತಂತಿಬಾಲದ ಕವಲುತೋಕೆಯದ್ದು. ನನಗೆ ಇಡೀ ಬಳಗದಲ್ಲಿ ತೀರಾ ಇಷ್ಟದ ಹಕ್ಕಿ. ನೆತ್ತಿ ತುಕ್ಕು ಕೆಂಪು, ಬೆನ್ನು ನೀಲಿ, ಗಲ್ಲದಿಂದ ಬಾಲದವರೆಗೆ ತೊಳೆದಿಟ್ಟ ಮುಂಡಿನಂಥ ಬಿಳಿ. ಬಾಲದಿಂದ ಹೊರಡುವ ಎರಡು ತಂತಿಗಳು ಎಷ್ಟು ತೆಳುವೆಂದರೆ ಬೆಳಕು ಸರಿಯಿಲ್ಲದಿದ್ದರೆ ಕಾಣುವುದೇ ಇಲ್ಲ. ಇದು ನೀರು ಬಿಟ್ಟು ದೂರ ಹೋಗುವುದಿಲ್ಲ, ಗುಂಪು ಕಟ್ಟುವುದಿಲ್ಲ. ಒಂದು ಸೇತುವೆಯ ಕೆಳಗೆ ಒಂದು ಜೋಡಿ ತನ್ನ ಜಾಗ ಕಾಯ್ದುಕೊಂಡಿರುತ್ತದೆ.

ಒಂದರ ಪಕ್ಕ ಒಂದು ಜೇನುಗೂಡಿನ ಹಾಗೆ ಒತ್ತೊತ್ತಾಗಿ ನೂರಾರು ಮಣ್ಣಿನ ಗೂಡು ಬೇಕಿದ್ದರೆ ಘಟ್ಟ ಹತ್ತಬೇಕು. ಅದು ಸ್ಟ್ರೀಕ್-ಥ್ರೋಟೆಡ್ ಸ್ವಾಲೋ. ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ಬಂಡೆಗಳ ಪಕ್ಕ ಸಾಗುವಾಗ ಕೊಕ್ಕರೆಗಳನ್ನು ಬಿಟ್ಟು ಸ್ವಲ್ಪ ಅವುಗಳ ಕಡೆಗೂ ನೋಡಿ.

ಅಪಾರ್ಟ್‌ಮೆಂಟಿನ ಗೋಡೆಯ ಸುತ್ತ ಹಾರುವ ಕಂದು ಬಣ್ಣದ್ದು?

ಡಸ್ಕಿ ಕ್ರ್ಯಾಗ್ ಮಾರ್ಟಿನ್. ಬಂಡೆ ಮಾರ್ಟಿನ್ ಎನ್ನೋಣ. ಮಾರ್ಟಿನ್‌ಗಳೂ ಕವಲುತೋಕೆಯ ಬಳಗದವೇ. ಮೈಯೆಲ್ಲ ಹೊಗೆಗಂದು, ಬಾಲ ಚೌಕ. ತಿರುಗುವಾಗ ಬಾಲ ಬಿಚ್ಚಿದರೆ ಅದರಲ್ಲಿ ಬಿಳಿ ಚುಕ್ಕೆಗಳ ಸಾಲು ಕಾಣುತ್ತದೆ. ಇದೂ ಇಲ್ಲಿನ ನಿವಾಸಿಯೇ. ಮೂಲದಲ್ಲಿ ಬಂಡೆಯ ಹಕ್ಕಿ. ಕಡಿದಾದ ಬಂಡೆ, ಹಳೆ ಕೋಟೆ, ದೀಪಸ್ತಂಭ, ಈಗ ಬಹುಮಹಡಿ ಕಟ್ಟಡ, ಅದಕ್ಕೆ ಇವೆಲ್ಲ ಒಂದೇ. ಬೆಳ್ತಂಗಡಿಯ ಗಡಾಯಿಕಲ್ಲಿನಂಥ ಜಾಗಕ್ಕೆ ಹೋದರೆ ಬಂಡೆಯ ಮುಖವನ್ನು ದುರ್ಬೀನಿನಲ್ಲಿ ನಿಧಾನ ಹುಡುಕಿ. ಗೂಡು ಸಣ್ಣ ಅರ್ಧ ಬಟ್ಟಲು, ಮಳೆ ಹೊಡೆಯದ ಚಾಚಿನ ಅಡಿಯಲ್ಲಿ, ಒಳಗೆ ಪುಕ್ಕದ ಹಾಸು. ಒಂದೇ ಗೂಡನ್ನು ರಿಪೇರಿ ಮಾಡಿ ಮತ್ತೆ ಬಳಸುತ್ತದೆ, ವರ್ಷಕ್ಕೆ ಎರಡು ಸಲ ಮರಿ ಮಾಡುವುದುಂಟು.

ವಲಸೆ ಬರುವ ಮಾರ್ಟಿನ್‌ಗಳು ಇಲ್ಲವೇ?

ಇವೆ, ಆದರೆ ಹೆಚ್ಚಾಗಿ ಘಟ್ಟದ ಮೇಲೆ. ಯುರೇಷಿಯನ್ ಕ್ರ್ಯಾಗ್ ಮಾರ್ಟಿನ್ ನಮ್ಮ ಬಂಡೆ ಮಾರ್ಟಿನ್‌ಗಿಂತ ದೊಡ್ಡದು, ಹೊಟ್ಟೆ ತಿಳಿ. ಹೌಸ್ ಮಾರ್ಟಿನ್‌ಗೆ ಬಿಳಿ ಹೊಟ್ಟೆ, ಬಿಳಿ ಸೊಂಟ, ಹಾರುವುದು ತುಂಬ ಎತ್ತರದಲ್ಲಿ. ಚಳಿಗಾಲದಲ್ಲಿ ಚಾರ್ಮಾಡಿ, ಆಗುಂಬೆ ಕಡೆ ಹೋದಾಗ ಬಾನಾಡಿಗಳ ಗುಂಪು ಕಂಡರೆ ಒಂದೊಂದೇ ಹಕ್ಕಿಯನ್ನು ನೋಡುವ ತಾಳ್ಮೆ ಇರಲಿ.

ಬಾನಾಡಿ ಬೇರೆ, ಕವಲುತೋಕೆ ಬೇರೆಯಾ?

ಪೂರ್ತಿ ಬೇರೆ. ಬಾನಾಡಿ ಅಂದರೆ ಸ್ವಿಫ್ಟ್. ರೆಕ್ಕೆ ಕುಡುಗೋಲಿನಂತೆ ಬಾಗಿ ಗಟ್ಟಿಯಾಗಿರುತ್ತದೆ. ತಂತಿಯ ಮೇಲೆ ಕೂರುವುದು ಅದಕ್ಕೆ ಸಾಧ್ಯವೇ ಇಲ್ಲ, ಅದರ ಕಾಲಿಗೆ ಗೋಡೆಗೆ ಜೋತುಬೀಳಲು ಮಾತ್ರ ಬರುತ್ತದೆ. ಆದ್ದರಿಂದ ತಂತಿಯ ಮೇಲೆ ಕೂತದ್ದು ಬಾನಾಡಿ ಅಲ್ಲ. ಹಳೆ ಕಟ್ಟಡದ ಮೂಲೆಯಲ್ಲಿ ಪುಕ್ಕ, ಹುಲ್ಲು, ಎಂಜಲು ಸೇರಿಸಿ ಗುಂಪಾಗಿ ಗೂಡು ಮಾಡಿ ಕಿರ್ರೆಂದು ಕಿರುಚುವವು ಬಿಳಿ ಸೊಂಟದ ಸಣ್ಣ ಬಾನಾಡಿಗಳು. ತಾಳೆಮರದ ಗರಿಯ ಅಡಿಯಲ್ಲಿ ಗೂಡು ಅಂಟಿಸುವುದು ತಾಳೆ ಬಾನಾಡಿ. ಕೆಲವೊಮ್ಮೆ ಕೆಂಪು ಸೊಂಟದ ಕವಲುತೋಕೆ ಕಷ್ಟಪಟ್ಟು ಕಟ್ಟಿದ ಗೂಡಿಗೆ ಬಾನಾಡಿಯೋ ಗುಬ್ಬಚ್ಚಿಯೋ ಬಂದು ಸೇರಿಕೊಳ್ಳುತ್ತದೆ. ಕೊಳವೆಯ ಬಾಯಿಯಿಂದ ಹುಲ್ಲು ಹೊರಗೆ ಇಣುಕುತ್ತಿದ್ದರೆ ಮನೆ ಕೈಬದಲಾಗಿದೆ ಎಂದು ತಿಳಿಯಿರಿ.

ಇನ್ನೊಂದು ಗೊಂದಲದ ಹಕ್ಕಿ ಆ್ಯಶಿ ವುಡ್‌ಸ್ವಾಲೋ. ಬೂದು ಬಣ್ಣ, ದಪ್ಪ ಕೊಕ್ಕು. ತೆಂಗಿನ ತೋಟದ ಪಕ್ಕದ ತಂತಿಯಲ್ಲಿ ನಾಲ್ಕೈದು ಹಕ್ಕಿ ಮೈಗೆ ಮೈ ಒತ್ತಿಕೊಂಡು ಕೂತಿದ್ದರೆ ಅದೇ. ಕವಲುತೋಕೆಗಳು ಸಾಲಾಗಿ ಕೂತರೂ ಪಕ್ಕದವರಿಂದ ಅಂತರ ಇಟ್ಟುಕೊಳ್ಳುತ್ತವೆ.

ನಮ್ಮ ಮನೆಯ ಗೂಡು ಪ್ರತಿ ವರ್ಷ ಅರ್ಧಕ್ಕೆ ಬೀಳುತ್ತದೆ. ಯಾಕೆ?

ಎರಡು ಕಾರಣ. ಒಂದು, ಈಗಿನ ನುಣ್ಣನೆಯ ಪುಟ್ಟಿ, ಅದರ ಮೇಲೆ ಹೊಳಪಿನ ಪೇಂಟು. ಮಣ್ಣಿಗೆ ಹಿಡಿತ ಸಿಗುವುದಿಲ್ಲ. ಹಳೆಯ ಮೋರಿಗಳ ಒರಟು ಕಲ್ಲಿಗೆ ಹಿಡಿದಂತೆ ಇದಕ್ಕೆ ಹಿಡಿಯದು. ಎರಡು, ಮಣ್ಣು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಎಂಥದ್ದೆಂದು ನಮಗೆ ಹೇಳಿಕೊಡಬೇಕಿಲ್ಲ, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು ಆ ಮಣ್ಣನ್ನು ನಂಬಿಯೇ. ಹಕ್ಕಿಗೂ ಬೇಕಾದದ್ದು ಅಂಥದೇ ಅಂಟು ಮಣ್ಣು. ಆದರೆ ಈಗ ಅಂಗಳಕ್ಕೆಲ್ಲ ಇಂಟರ್‌ಲಾಕ್, ರಸ್ತೆ ಬದಿಗೆ ಕಾಂಕ್ರೀಟು. ಹತ್ತಿರದಲ್ಲಿ ಕೆಸರೇ ಸಿಗದೆ ಅವು ಕಟ್ಟಡ ಕೆಲಸದ ಕಡೆಯ ಮರಳು ಬೆರೆತ ಮಣ್ಣು ತಂದು ಅಂಟಿಸುತ್ತವೆ. ಮಳೆಗಾಲದ ತೇವಕ್ಕೆ ಅದು ಉದುರುತ್ತದೆ.

ನಾವೇನು ಮಾಡಬಹುದು?

ಅಂಗಳದ ಮೂಲೆಯಲ್ಲಿ ಎರಡು ಮೂರು ಅಡಿ ಜಾಗಕ್ಕೆ ಜೇಡಿಮಣ್ಣು ಹಾಕಿ ಏಪ್ರಿಲ್-ಮೇಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನೀರು ಚೆಲ್ಲಿ. ಬೆಕ್ಕು ಅಡಗಿ ಕೂರುವ ಪೊದೆ ಪಕ್ಕದಲ್ಲಿ ಇರಬಾರದು. ಗೂಡು ಜಾರುವ ಕಡೆ ಒಂದು ಒರಟು ಹಲಗೆಯ ತುಂಡು ಮೊಳೆ ಹೊಡೆದು ಕೂರಿಸಿ. ಫ್ಯಾನು ಗೂಡಿನ ಹತ್ತಿರ ಇದ್ದರೆ ಆ ಎರಡು ತಿಂಗಳು ಅದನ್ನು ಹಾಕಬೇಡಿ.

ಹಿಕ್ಕೆಯಿಂದ ನೆಲ ಹಾಳಾಗುತ್ತದೆ. ಗೂಡು ತೆಗೆಯಬಹುದೇ?

ಮೊಟ್ಟೆ-ಮರಿ ಇರುವಾಗ ಖಂಡಿತ ಬೇಡ. ಗೂಡಿನ ಎರಡು ಅಡಿ ಕೆಳಗೆ ಒಂದು ಅಡಿಕೆ ಹಾಳೆ ಕಟ್ಟಿ. ಹಿಕ್ಕೆಯೆಲ್ಲ ಅದಕ್ಕೇ ಬೀಳುತ್ತದೆ, ವಾರಕ್ಕೊಮ್ಮೆ ಬದಲಿಸಿ ತೆಂಗಿನ ಬುಡಕ್ಕೆ ಹಾಕಿದರಾಯಿತು. ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಒಣ ಧೂಳು ಮೂಗಿಗೆ ಹೋಗುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಗಳ ಮೊಟ್ಟೆ ಒಡೆಯುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಆದರೆ ನಾನು ಕಾನೂನು ತೋರಿಸಿ ಹೆದರಿಸಲು ಇದನ್ನು ಬರೆಯುತ್ತಿಲ್ಲ.

ನಮ್ಮ ಮನೆಯಲ್ಲಿ ಮದುವೆಯಿತ್ತು. ಪೇಂಟಿಂಗಿನವರಿಗೆ ಸಿಟ್‌ಔಟ್ ಕೊನೆಗೆ ಮಾಡಿ ಎಂದು ಹೇಳಿ ನಾನು ಕೆಲಸಕ್ಕೆ ಹೋಗಿದ್ದೆ. ಸಂಜೆ ಬರುವಾಗ ತಾರಸಿ ಬೆಳ್ಳಗೆ ಹೊಳೆಯುತ್ತಿತ್ತು. ‘ಅದು ತೆಗೀದಿದ್ರೆ ಪೇಂಟ್ ಹೇಗೆ ಹೊಡಿಯುದು ಸರ್? ಖಾಲಿ ಅಂತ ಎಣಿಸಿದ್ದು’ ಅಂದ ಹುಡುಗ. ಖಾಲಿ ಇರಲಿಲ್ಲ. ಪೇಂಟ್ ಡಬ್ಬದ ಪಕ್ಕ ಮೂರು ಬಿಳಿ ಮೊಟ್ಟೆಯ ಚೂರು ಇತ್ತು. ಎರಡೂ ಹಕ್ಕಿ ಕತ್ತಲಾಗುವವರೆಗೆ ಗೂಡು ಇದ್ದ ಜಾಗಕ್ಕೆ ಹಾರಿ ಬಂದು, ಹಿಡಿಯಲು ಏನೂ ಸಿಗದೆ, ಹಿಂದೆ ತಿರುಗಿ ಹೋಗುತ್ತಿದ್ದವು. ಹುಡುಗನ ತಪ್ಪಲ್ಲ, ಗೂಡನ್ನು ಅವನಿಗೆ ತೋರಿಸಿ ಹೇಳದ ನನ್ನ ತಪ್ಪು. ಕೊಳವೆ ಗೂಡಿನೊಳಗೆ ಮೊಟ್ಟೆ ಇದೆಯೋ ಇಲ್ಲವೋ ಹೊರಗಿನಿಂದ ಕಾಣದು. ಅರ್ಧ ಗಂಟೆ ದೂರದಲ್ಲಿ ಕೂತು ನೋಡಿ, ಹಕ್ಕಿ ಒಳಗೆ ಹೋಗಿ ಬರುತ್ತಿದ್ದರೆ ಗೂಡು ಬಳಕೆಯಲ್ಲಿದೆ ಎಂದೇ ಅರ್ಥ.

ಮರಿ ಕೆಳಗೆ ಬಿದ್ದಿದೆ. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದಂತೆ, ನಿಜವೇ?

ನಿಜವಲ್ಲ. ಮೆಲ್ಲಗೆ ಎತ್ತಿ ಗೂಡಿಗೆ ಸೇರಿಸಿ. ಗೂಡೇ ಬಿದ್ದಿದ್ದರೆ ಒಂದು ಗೆರಟೆಗೆ ತೂತು ಮಾಡಿ, ಒಣ ಹುಲ್ಲು ಹಾಸಿ, ಅದೇ ಜಾಗದ ಹತ್ತಿರ ಎತ್ತರದಲ್ಲಿ ಕಟ್ಟಿ ಮರಿಗಳನ್ನು ಇಡಿ. ದೂರ ಹೋಗಿ ಕಾಯಿರಿ. ತಂದೆತಾಯಿ ಸಾಮಾನ್ಯವಾಗಿ ಬರುತ್ತವೆ. ಅನ್ನ, ಹಾಲು ಕೊಡಬೇಡಿ, ಬಾಯಿಗೆ ನೀರು ಹನಿಸಬೇಡಿ. ನೆಲದಲ್ಲಿ ಸಿಕ್ಕಿದ್ದು ಬಾನಾಡಿಯಾದರೆ, ಗಾಯವಿಲ್ಲದಿದ್ದರೆ, ಅಂಗೈಯಲ್ಲಿ ಇಟ್ಟು ಕೈ ಮೇಲಕ್ಕೆತ್ತಿ ನಿಲ್ಲಿ. ಎಸೆಯಬೇಡಿ, ಅದೇ ಹಾರುತ್ತದೆ.

ಹಕ್ಕಿ ಗೂಡಿನ ಸೂಪ್ ಮಾಡುವುದು ಇದರಿಂದಲೇ?

ಅಲ್ಲ. ಅದು ಎಂಜಲಿನಿಂದಲೇ ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಎಂಬ ಬೇರೆ ಹಕ್ಕಿಯದ್ದು.

ಕಂಡದ್ದನ್ನು ಎಲ್ಲಿ ಬರೆದಿಡಬೇಕು?

ಇ-ಬರ್ಡ್‌ನಲ್ಲಿ, ಅಂದರೆ ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣದಲ್ಲಿ. ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ. ತಂತಿಯ ಮೇಲಿನ ಸಾಲನ್ನು ಮೊದಲು ಹತ್ತರವರೆಗೆ ಎಣಿಸಿ, ಆ ಹತ್ತು ಎಷ್ಟು ಉದ್ದ ಹಿಡಿಯುತ್ತದೆ ನೋಡಿ, ಅಂಥವು ಎಷ್ಟು ಎಂದು ಲೆಕ್ಕ ಹಾಕಿ. ಜಾತಿ ಗೊತ್ತಾಗದಿದ್ದರೆ ‘ಯಾವುದೋ ಕವಲುತೋಕೆ’ ಎಂದು ದಾಖಲಿಸಲು ಅವಕಾಶವಿದೆ, ಅಂದಾಜಿನ ಹೆಸರು ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಮಣ್ಣು ಒಯ್ಯುತ್ತಿತ್ತೇ, ಮರಿಗೆ ತಿನ್ನಿಸುತ್ತಿತ್ತೇ ಎಂಬುದಕ್ಕೂ ಪ್ರತ್ಯೇಕ ಗುರುತುಗಳಿವೆ, ದಯವಿಟ್ಟು ಅವನ್ನು ತುಂಬಿ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲಿ ನಮ್ಮ ದೇಶ 2013ರಿಂದ ಸೇರಿಕೊಂಡಿದೆ. ಮನೆಯ ಜಗಲಿಯಲ್ಲಿ 15 ನಿಮಿಷ ಕೂತು ನೋಡಿದರೂ ಅದು ಒಂದು ಪಟ್ಟಿಯಾಗುತ್ತದೆ.

ಜೂನಿನಲ್ಲಿ ಎದೆಪಟ್ಟಿಯಿರುವ ಕವಲುತೋಕೆ ಕಂಡರೆ ಮಾತ್ರ ಫೋಟೊ ಬೇಕೇ ಬೇಕು. ಆ ತಿಂಗಳು ಅದು ಇಲ್ಲಿ ಇರಬೇಕಾದ್ದಲ್ಲ.

ನೋಡಲು ಎಲ್ಲಿಗೆ ಹೋಗಲಿ?

ಅತಿಥಿಗಳಿಗಾಗಿ ಅಕ್ಟೋಬರಿನಿಂದ ಮಾರ್ಚ್: ಕೊಯ್ಲಾದ ಯಾವುದೇ ಬೈಲು, ಮಣಿಪಾಲದ ಮಣ್ಣಪಳ್ಳ, ಪಿಲಿಕುಳದ ಕೆರೆ, ಮುರಕಲ್ಲಿನ ಪದವುಗಳು. ಗೂಡು ಕಟ್ಟುವವಕ್ಕಾಗಿ ಏಪ್ರಿಲಿನಿಂದ ಮಳೆಗಾಲದವರೆಗೆ ನಿಮ್ಮೂರಿನ ಮೋರಿ, ಸಣ್ಣ ಸೇತುವೆ, ಬಸ್ ಸ್ಟ್ಯಾಂಡಿನ ಸೂರು. ತಂತಿಬಾಲದ ಹಕ್ಕಿಗೆ ಸ್ವರ್ಣಾ, ಉದ್ಯಾವರ, ಗುರುಪುರ ಹೊಳೆಗಳ ಸೇತುವೆಗಳ ಅಡಿ ಹುಡುಕಿ. ಹೆದ್ದಾರಿಯ ಸೇತುವೆಯ ಮೇಲೆ ನಿಂತು ಬಗ್ಗಿ ನೋಡಬೇಡಿ, ಲಾರಿಗಳ ಓಡಾಟ ಜೋರು. ಹೊಳೆಬದಿಯ ದಾರಿಯಲ್ಲಿ ಇಳಿದು, ನೀರಿನ ಮಟ್ಟದಲ್ಲಿ ನಿಂತು ಮೇಲೆ ನೋಡಿ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೋದರೆ ನೀರಿನ ಬೆಳಕು ಸೇತುವೆಯ ಅಡಿಗೆ ಹೊಡೆದು ಗೂಡು ಸ್ಪಷ್ಟ ಕಾಣುತ್ತದೆ, ಮರಿಗಳಿದ್ದರೆ ಅಂಚಿನ ಮೇಲೆ ಸಾಲಾಗಿ ಹಳದಿ ಬಾಯಿಗಳೂ.